ಮುಯ್ಯಾಳಿನ ನಾಡಿನಲ್ಲಿ ಐದು ದಿನ

ಮೊದಲ ದಿನ: ಟಾಲಿನ್

ಏಪ್ರಿಲ್ 23ರ ಬೆಳಿಗ್ಗೆ ಎಸ್ಟೋನಿಯಾದ ರಾಜಧಾನಿ ಟಾಲಿನ್‌ನಲ್ಲಿ ಹಿಮ ಬೀಳುತ್ತಿತ್ತು. ಹತ್ತು ಗಂಟೆಗೆ ಬಿಸಿಲು, ಹನ್ನೊಂದಕ್ಕೆ ಮತ್ತೆ ಹಿಮ, ಮಧ್ಯಾಹ್ನದ ಹೊತ್ತಿಗೆ ಹಳೇ ಊರಿನ ಕಲ್ಲುಹಾಸಿನ ಮೇಲೆಲ್ಲ ಕೆಸರುನೀರು. ಎಸ್ಟೋನಿಯಾದ ಏಪ್ರಿಲ್‌ಗೆ ಕೊಡೆಗಿಂತ ನೀರಿಳಿಯದ ಬೂಟು ಮುಖ್ಯ. ಬಟ್ಟೆ ಬೂಟಿನಲ್ಲಿ ಬಂದವರಿಗೆ ಮೊದಲ ದಿನವೇ ಕಾಲುಚೀಲ ಕೊಳ್ಳುವ ಕೆಲಸ ಬೀಳುತ್ತದೆ.

ಸ್ವಾತಂತ್ರ್ಯ ಚೌಕದಲ್ಲಿ ಓಡಾಡುತ್ತಿದ್ದವರ ಎದೆಯ ಮೇಲೆ ಒಂದು ಪುಟ್ಟ ನೀಲಿ ಹೂ. ಹೆಸರು ಸಿನಿಲಿಲ್. ಏಪ್ರಿಲ್ 23 ಇಲ್ಲಿ ಮಾಜಿ ಯೋಧರ ದಿನ. 2013ರಿಂದ ಆಚರಿಸುತ್ತಿದ್ದಾರೆ. ಇಲ್ಲಿ 'ಮಾಜಿ ಯೋಧ' ಎಂದರೆ ನಿವೃತ್ತ ಸೈನಿಕನಲ್ಲ. ಹೊರದೇಶದ ಕಾರ್ಯಾಚರಣೆಗೆ ಹೋಗಿ ಬಂದವರು, ಇಲ್ಲವೇ ಸೇವೆಯಲ್ಲಿದ್ದಾಗ ಗಾಯಗೊಂಡವರು ಮಾತ್ರ. ಹಾಗಾಗಿ ಮೂವತ್ತು ದಾಟದ ಮಾಜಿ ಯೋಧರೂ ಬಹಳ. ಹೂವಿಗೆ ಹಾಕಿದ ಹಣ ಗಾಯಾಳುಗಳ ಆರೈಕೆಗೆ ಹೋಗುತ್ತದೆ. ಡಬ್ಬಿ ಹಿಡಿದು ನಿಂತಿದ್ದ ಶಾಲಾ ಹುಡುಗಿಯೊಬ್ಬಳು, "ನಿಜವಾದ ಸಿನಿಲಿಲ್ ಈಗ ಕಾಡಿನಲ್ಲಿ ಅರಳಿದೆ" ಎಂದಳು. ಹಿಮ ಪೂರ್ತಿ ಕರಗುವ ಮೊದಲೇ ತಲೆ ಎತ್ತುವ ಹೂವದು.

ಈ ದೇಶದ ಜನಸಂಖ್ಯೆ ಹದಿಮೂರು ಲಕ್ಷದ ಚಿಲ್ಲರೆ. ಬೆಂಗಳೂರಿನ ಕೆಲವು ಬಡಾವಣೆಗಳನ್ನು ಒಟ್ಟು ಹಾಕಿದರೆ ಅಷ್ಟಾಗುತ್ತದೆ. ಹೀಗಿದ್ದೂ ಇವರ ಸೈನಿಕರು ಕ್ರೊಯೇಷಿಯಾ, ಬೋಸ್ನಿಯಾ, ಲೆಬನಾನ್, ಕೊಸೊವೊ, ಇರಾಕ್, ಅಫ್ಘಾನಿಸ್ತಾನ, ಮಾಲಿಯವರೆಗೆ ಹೋಗಿದ್ದಾರೆ. ಏಕೆ ಎನ್ನುವುದಕ್ಕೆ ಒಂದು ಉತ್ತರ ಸೈನಿಕ ಸ್ಮಶಾನದಲ್ಲಿ ಸಿಕ್ಕಿತು. ದೂರದೂರಿನ ಬಸ್ ನಿಲ್ದಾಣದಿಂದ ಅಲ್ಲಿಗೆ ನಡೆದೇ ಹೋಗಬಹುದು. ಹೆಚ್ಚಿನ ಪ್ರವಾಸಿಗರು 2007ರಲ್ಲಿ ಗಲಭೆಯ ನಡುವೆ ಊರ ಮಧ್ಯದಿಂದ ಇಲ್ಲಿಗೆ ಸಾಗಿಸಿದ ಕಂಚಿನ ಸೋವಿಯತ್ ಸೈನಿಕನ ಪ್ರತಿಮೆ ನೋಡಿ ಹೊರಟುಬಿಡುತ್ತಾರೆ. ಒಳಗೆ ಇನ್ನಷ್ಟು ನಡೆದರೆ ಬ್ರಿಟಿಷ್ ನಾವಿಕರ ಗೋರಿಗಳಿವೆ.

1918ರ ಡಿಸೆಂಬರ್. ಬೋಲ್ಶೆವಿಕ್ ರಷ್ಯದ ಕೆಂಪು ಸೇನೆ ಟಾಲಿನ್‌ನ ಹತ್ತಿರ ಬರುತ್ತಿದ್ದಾಗ ಬ್ರಿಟನ್ನಿನ ಒಂದು ನೌಕಾದಳ ಬಂದು ನಿಂತಿತು. ಬರುವ ದಾರಿಯಲ್ಲೇ ಕಸಾಂಡ್ರಾ ಎಂಬ ಹಡಗು ನೀರಿನೊಳಗಿನ ಸ್ಫೋಟಕಕ್ಕೆ ಸಿಕ್ಕಿ ಮುಳುಗಿತ್ತು. ತಿಂಗಳ ಕೊನೆಗೆ ಬ್ರಿಟಿಷರು ಬೋಲ್ಶೆವಿಕರ ಎರಡು ಯುದ್ಧನೌಕೆ ಹಿಡಿದು ಎಸ್ಟೋನಿಯಾದ ಕೈಗಿತ್ತರು. ಆಗಷ್ಟೇ ಹುಟ್ಟಿದ್ದ ಈ ದೇಶದ ನೌಕಾಪಡೆಗೆ ಬಲ ಬಂದದ್ದು ಹೀಗೆ. ಫಿನ್‌ಲೆಂಡ್, ಡೆನ್ಮಾರ್ಕ್, ಸ್ವೀಡನ್‌ಗಳಿಂದಲೂ ಸ್ವಯಂಸೇವಕರು ಬಂದಿದ್ದರು. ಗೋರಿಗಳ ಬಳಿ ಎಲೆ ಗುಡಿಸುತ್ತಿದ್ದ ಅಜ್ಜಿಯೊಬ್ಬರು, "1918ರಲ್ಲಿ ಇವರು ಬಂದರು. 1940ರಲ್ಲಿ ಸೋವಿಯತ್ ಸೇನೆ ನುಗ್ಗಿದಾಗ ಯಾರೂ ಬರಲಿಲ್ಲ. ನಮ್ಮ ಚರಿತ್ರೆ ಇಷ್ಟೇ ನೋಡಿ" ಎಂದು ಮತ್ತೆ ಗುಡಿಸತೊಡಗಿದರು.

ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಎನ್ನುತ್ತಾರಲ್ಲ, ಅದೇ ಲೆಕ್ಕ. ನಮ್ಮ ಮನೆಯಿಂದ ಒಂದಾಳು ನಿಮ್ಮ ನಾಟಿಗೆ, ನಿಮ್ಮ ಮನೆಯಿಂದ ಒಂದಾಳು ನಮ್ಮ ನಾಟಿಗೆ. ಚಿಕ್ಕ ಹಿಡುವಳಿಯವನಿಗೇ ಇದರ ಅಗತ್ಯ ಹೆಚ್ಚು. ಅವನ ಗದ್ದೆಗೆ ಆಳು ಬೇಕಾಗುವುದು ಒಂದೇ ದಿನ, ಆದರೆ ಆ ದಿನ ಆಳು ಬರದಿದ್ದರೆ ವರ್ಷದ ಬೆಳೆಯೇ ಇಲ್ಲ.

ಆಳು ಕಳಿಸುವ ತೀರ್ಮಾನವಾಗುವುದು ತೂಮ್ಪೆಯಾ ಗುಡ್ಡದ ಮೇಲಿನ ಗುಲಾಬಿ ಬಣ್ಣದ ಸಂಸತ್ ಭವನದಲ್ಲಿ. ಪ್ರತಿ ಕಾರ್ಯಾಚರಣೆಗೂ ಇಂತಿಷ್ಟು ಜನರವರೆಗೆ, ಇಂತಿಷ್ಟು ಕಾಲದವರೆಗೆ ಎಂದು ಸಂಸತ್ತು ಮತ ಹಾಕಿ ಮಿತಿ ಹೇರುತ್ತದೆ. ಆ ಮಿತಿಯೊಳಗೆ ಯಾರನ್ನು ಕಳಿಸಬೇಕೆಂಬುದು ಸೇನೆಗೆ ಬಿಟ್ಟದ್ದು. ಕಡ್ಡಾಯ ಸೈನಿಕ ಸೇವೆಯಲ್ಲಿರುವ ಹುಡುಗರನ್ನು ಕಳಿಸುವುದಿಲ್ಲ. ಹೋಗುವವರು ಸಂಬಳದ ಸೈನಿಕರು.

ರಾತ್ರಿಯೂಟ ಮುಲ್ಗಿಪುದರ್: ಆಲೂಗಡ್ಡೆ, ಬಾರ್ಲಿ ಬೇಯಿಸಿ ಮುದ್ದೆಯ ಹದಕ್ಕೆ ಕಿವುಚಿದ್ದು. ಮೇಲೆ ಹಂದಿಕೊಬ್ಬಿನ ಚೂರು ಉದುರಿಸಿಯೇ ತರುತ್ತಾರೆ. ಮಾಂಸ ತಿನ್ನದವರು ಹೇಳುವಾಗಲೇ ಬೇಡವೆನ್ನಬೇಕು, ಬಂದ ಮೇಲೆ ಆರಿಸಿ ತೆಗೆಯಲಾಗದು.

ಎರಡನೇ ದಿನ: ವೀಮ್ಸಿ

ಟಾಲಿನ್ ನಡುವಿನ ವೀರು ಕೇಂದ್ರದ ಕೆಳಗಿಂದ 1ಎ ಬಸ್ಸು ಸಮುದ್ರದ ಅಂಚು ಹಿಡಿದು ವೀಮ್ಸಿಗೆ ಹೋಗುತ್ತದೆ. ಟಿಕೆಟ್ಟಿಗೆ ಬ್ಯಾಂಕ್ ಕಾರ್ಡನ್ನು ಮುಂದಿನ ಬಾಗಿಲ ಯಂತ್ರಕ್ಕೆ ಮುಟ್ಟಿಸಿದರಾಯಿತು. ವೀಮ್ಸಿಯ ಹಳೇ ಜಮೀನ್ದಾರಿ ಮನೆಯಲ್ಲಿ ಯುದ್ಧ ವಸ್ತುಸಂಗ್ರಹಾಲಯವಿದೆ. ವಾರದ ಮೊದಲ ದಿನಗಳಲ್ಲಿ ಬಾಗಿಲು ಹಾಕಿರುತ್ತದೆ, ವಾರದ ಮಧ್ಯಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು.

ಇದು ಜನರಲ್ ಯೋಹಾನ್ ಲೈಡೊನರ್ ವಾಸವಿದ್ದ ಮನೆ. ಸ್ವಾತಂತ್ರ್ಯ ಯುದ್ಧದಲ್ಲಿ ಸೇನೆ ನಡೆಸಿದವರು. ಸೋವಿಯತ್ ಆಡಳಿತ 1940ರಲ್ಲಿ ಹೆಂಡತಿಯ ಸಮೇತ ಗಡೀಪಾರು ಮಾಡಿತು, 1953ರಲ್ಲಿ ವ್ಲಾದಿಮಿರ್ ಸೆರೆಮನೆಯಲ್ಲಿ ಸತ್ತರು. ಆದರೆ ನಮ್ಮ ವಿಷಯಕ್ಕೆ ಬೇಕಾದ ವರ್ಷ 1925. ತುರ್ಕಿ ಮತ್ತು ಇರಾಕ್ ನಡುವಿನ ಮೋಸುಲ್ ಗಡಿ ತಗಾದೆಯನ್ನು ಸ್ಥಳದಲ್ಲೇ ಪರಿಶೀಲಿಸಲು ರಾಷ್ಟ್ರಗಳ ಒಕ್ಕೂಟ ಕಳಿಸಿದ ತಂಡಕ್ಕೆ ಇವರೇ ಮುಖ್ಯಸ್ಥರು. ಅದಾಗಿ 78 ವರ್ಷಕ್ಕೆ, 2003ರಲ್ಲಿ, ಎಸ್ಟೋನಿಯಾದ ಒಂದು ಕಾಲಾಳು ತುಕಡಿ ಇರಾಕಿಗೆ ಹೋಯಿತು. ಅದು ಅಮೆರಿಕ-ಯುರೋಪ್ ದೇಶಗಳ ಸೇನಾ ಒಕ್ಕೂಟವಾದ ನ್ಯಾಟೋದ ಕಾರ್ಯಾಚರಣೆಯಲ್ಲ, ಅಮೆರಿಕದ ನಾಯಕತ್ವದ ಬೇರೆ ಕೂಟ. ಅಲ್ಲಿ ಇಬ್ಬರು ಸತ್ತರು. ಮೊದಲ ಸಾವು 2004ರ ಫೆಬ್ರವರಿ ಕೊನೆಯಲ್ಲಿ. ದೇಶ ನ್ಯಾಟೋ ಸೇರಿದ್ದು ಮಾರ್ಚ್ 29ಕ್ಕೆ. ಮುಯ್ಯಿ ಬರೆಸುವ ಮೊದಲೇ ಆಳು ಹೋಗಿತ್ತು.

ವಸ್ತುಸಂಗ್ರಹಾಲಯದ ಹೊರಗಿನ ಬೆಂಚಿನಲ್ಲಿ ಥರ್ಮಾಸ್‌ನಿಂದ ಕಾಫಿ ಬಗ್ಗಿಸಿಕೊಳ್ಳುತ್ತಿದ್ದವರು ಪಸಿ ಓಡಿಸಿದ್ದವರೆಂದು ಮಾತಿನ ನಡುವೆ ಗೊತ್ತಾಯಿತು. ಪಸಿ ಫಿನ್‌ಲೆಂಡ್‌ನ ಆರು ಗಾಲಿಯ ಕವಚವಾಹನ. ಎಸ್ಟೋನಿಯಾ ಮೊದಲು ಫಿನ್‌ಲೆಂಡ್‌ನಿಂದ, ಆಮೇಲೆ ನೆದರ್‌ಲೆಂಡ್ಸ್‌ನಿಂದ ಬಳಸಿದ ಪಸಿಗಳನ್ನು ಕೊಂಡುಕೊಂಡಿತು. "ಇದನ್ನು ಮಾಡಿದ್ದು ಕಾಡಿಗೆ, ಹಿಮಕ್ಕೆ, ಕೆರೆಗೆ. ಹಳೇ ಮಾದರಿ ನೀರಿನಲ್ಲಿ ಈಜುತ್ತದೆ. ನಾವು ಒಯ್ದದ್ದು ಮರುಭೂಮಿಗೆ" ಎಂದು ನಕ್ಕರು. ತೊಂದರೆ ತಳದ್ದು. ನೆಲದಲ್ಲಿ ಹೂತಿಟ್ಟ ಬಾಂಬು ಸಿಡಿದಾಗ, ದೋಣಿಯ ಹಾಗೆ ಮೊನಚಾದ ತಳವಿದ್ದರೆ ಹೊಡೆತ ಎರಡೂ ಪಕ್ಕಕ್ಕೆ ಜಾರುತ್ತದೆ. ಅಗಲ ತಳವಿದ್ದರೆ ಪೂರ್ತಿ ಒಳಗಿದ್ದವರ ಕಾಲು, ಬೆನ್ನುಮೂಳೆಗೆ. ಮೇಲೆ ಉಕ್ಕಿನ ಹಲಗೆ ಬಿಗಿದರೆ ಗುಂಡು ತಡೆಯುತ್ತದೆ, ಆದರೆ ತೂಕ ಏರಿ ಕಾಲುವೆಯ ಮಣ್ಣುದಂಡೆ ಕುಸಿಯುತ್ತದೆ.

ಅಫ್ಘಾನಿಸ್ತಾನಕ್ಕೆ ಇವರು ಶುರುವಿನ ವರ್ಷಗಳಲ್ಲಿ ಕಳಿಸಿದ್ದು ಬಾಂಬು ಹುಡುಕುವ, ನಿಷ್ಕ್ರಿಯಗೊಳಿಸುವ ಪುಟ್ಟ ತಂಡಗಳನ್ನು. ಸೋವಿಯತ್ ಸಿಡಿಮದ್ದು ಇವರ ನೆಲದಲ್ಲೂ ಹೇರಳ, ಆ ಕೈಚಳಕ ಮನೆಯಲ್ಲೇ ಕಲಿತದ್ದು. 2006ರಲ್ಲಿ ಹೆಲ್ಮಂದ್ ಪ್ರಾಂತ್ಯಕ್ಕೆ ಬ್ರಿಟಿಷರ ಜೊತೆ ಹೋದ ಮೇಲೆ ಲೆಕ್ಕವೇ ಬದಲಾಯಿತು. ಒಂದು ಕಾಲಾಳು ಕಂಪನಿ, ಅದರ ಬೆಂಬಲದವರು ಸೇರಿ ನೂರೈವತ್ತರ ಆಸುಪಾಸು ಜನ, ಆರು ತಿಂಗಳಿಗೊಂದು ಸರದಿ, 2014ರವರೆಗೆ. ಕೇಳುವಾಗ ಇಷ್ಟೇ ಅನ್ನಿಸುತ್ತದೆ. ಆದರೆ ಅಲ್ಲಿ ಒಂದು ಕಂಪನಿ ಇದ್ದರೆ ಇನ್ನೊಂದು ವಾಪಸು ಬಂದು ದಣಿವಾರಿಸಿಕೊಳ್ಳುತ್ತಿರುತ್ತದೆ, ಮತ್ತೊಂದು ಹೋಗಲು ತರಬೇತಿಯಲ್ಲಿರುತ್ತದೆ. ಒಂದನ್ನು ಕಳಿಸಲು ಮೂರು ಬೇಕು. ಸಂಬಳದ ಸೈನಿಕರ ಕಾಲಾಳು ಬೆಟಾಲಿಯನ್ ಇಡೀ ದೇಶಕ್ಕೆ ಒಂದೇ, ಸ್ಕೌಟ್ಸ್ ಬೆಟಾಲಿಯನ್. ಅಂದರೆ ಎಂಟು ವರ್ಷ ಆ ಬೆಟಾಲಿಯನ್ನಿನ ಬದುಕೇ ಹೆಲ್ಮಂದ್ ಆಗಿತ್ತು.

ಅಷ್ಟು ಚಿಕ್ಕ ಕಂಪನಿಗೆ ಬೆಲೆ ಬಂದದ್ದು ಷರತ್ತಿಲ್ಲದ ಕಾರಣಕ್ಕೆ. ಎಷ್ಟೋ ದೇಶಗಳು ಸೈನಿಕರನ್ನು ಕೊಟ್ಟರೂ ರಾತ್ರಿ ಗಸ್ತಿಲ್ಲ, ಆ ಪ್ರಾಂತ್ಯ ಬಿಟ್ಟು ಕದಲುವಂತಿಲ್ಲ ಎಂದೆಲ್ಲ ಕಟ್ಟು ಹಾಕಿ ಕೊಡುತ್ತಿದ್ದವು. ಎಸ್ಟೋನಿಯಾ ಹಾಗೆ ಹಾಕದೆ ಹೆಲ್ಮಂದಿನ ನಾದ್-ಎ-ಅಲಿಯಂಥ ಅಪಾಯದ ಜಾಗಕ್ಕೆ ಜನ ಕೊಟ್ಟಿತು. ಬೆಂಚಿನವರು ಅಲ್ಲಿಯ ಗಸ್ತನ್ನು ಹೀಗೆ ಬಿಡಿಸಿ ಹೇಳಿದರು: ಊರೆಲ್ಲ ನೀರಾವರಿ ಕಾಲುವೆ. ಮುಂದಿನವನ ಕೈಯಲ್ಲಿ ಲೋಹಶೋಧಕ, ಹಿಂದಿನವರು ಅವನ ಹೆಜ್ಜೆಯ ಮೇಲೆಯೇ ಹೆಜ್ಜೆ. ಕಾಲುವೆಗೆ ಹಾಕಿದ ಕಾಲುಸೇತುವೆಗೆ ಕಾಲಿಡುವಂತಿಲ್ಲ, ಬಾಂಬು ಇಡುವವನು ಮೊದಲು ನೋಡುವುದೇ ಅದನ್ನು. ಹಗುರ ಏಣಿಯೊಂದನ್ನು ಹೊತ್ತೊಯ್ದು, ಸೇತುವೆಯಿಂದ ದೂರದಲ್ಲಿ ಅಡ್ಡ ಹಾಕಿ ದಾಟಬೇಕು. ಬಂದ ದಾರಿಯಲ್ಲಿ ವಾಪಸು ಹೋಗಬಾರದು. ರಕ್ತ ಕಟ್ಟುವ ಪಟ್ಟಿ ಚೀಲದೊಳಗಲ್ಲ, ಯಾವ ಕೈಗಾದರೂ ಎಟುಕುವಂತೆ ಎದೆಯ ಮೇಲೆ. ಬಾಂಬಿನಲ್ಲಿ ಲೋಹ ಕಡಿಮೆ ಮಾಡಿದಷ್ಟೂ ಶೋಧಕ ಕೂಗುವುದಿಲ್ಲ. ಆಗ ಉಳಿಯುವುದು ಕಣ್ಣು: ಮಣ್ಣಿನ ಬಣ್ಣ ಬದಲಾಗಿದೆಯೇ, ನಿನ್ನೆ ಆಡುತ್ತಿದ್ದ ಮಕ್ಕಳು ಇಂದು ಏಕಿಲ್ಲ.

ಗಾಯಾಳುವನ್ನು ಎತ್ತಿಕೊಳ್ಳುವ ಹೆಲಿಕಾಪ್ಟರು ಮಿತ್ರರದು, ಬ್ಯಾಸ್ಟಿಯನ್ ಶಿಬಿರದ ಆಸ್ಪತ್ರೆಯೂ ಮಿತ್ರರದು. ಚಿಕ್ಕ ದೇಶ ಒಂಟಿಯಾಗಿ ಯುದ್ಧಕ್ಕೆ ಹೋಗಲಾಗದಿರುವುದು ರೈಫಲಿನ ಕೊರತೆಯಿಂದಲ್ಲ, ಇವುಗಳ ಕೊರತೆಯಿಂದ. ಅಫ್ಘಾನಿಸ್ತಾನದಲ್ಲಿ ಎಸ್ಟೋನಿಯಾದ ಒಂಬತ್ತು ಸೈನಿಕರು ಸತ್ತರು. ಜನಸಂಖ್ಯೆಗೆ ಹೋಲಿಸಿದರೆ ಇದು ಹೆಚ್ಚು ತೆತ್ತ ದೇಶಗಳ ಸಾಲಿನದು. 2021ರ ಆಗಸ್ಟ್‌ನಲ್ಲಿ ಕಾಬೂಲ್ ಬಿದ್ದ ಮಾತು ಬಂದಾಗ ಬೆಂಚಿನವರು ಥರ್ಮಾಸ್ ಮುಚ್ಚಳ ತಿರುಗಿಸಿದರು. "ಅಲ್ಲಿಯವರಿಗೆ ಏನು ಸಿಕ್ಕಿತು ಎಂದು ಕೇಳಬೇಡಿ. ನಮಗೇನು ಸಿಕ್ಕಿತು ಎಂದರೆ, ತಪಾಕ್ಕೆ ಹೋಗಿ ನೋಡಿ."

ಮೂರನೇ ದಿನ: ಆ್ಯಮರಿ, ಪಾಲ್ದಿಸ್ಕಿ

ಬಾಡಿಗೆ ಕಾರಿನಲ್ಲಿ ಹೊರಟರೆ ಹಗಲಲ್ಲೂ ಹೆಡ್‌ಲೈಟ್ ಉರಿಯುತ್ತಿರಬೇಕು, ಇಲ್ಲಿ ಅದು ಕಾನೂನು. ನೈಋತ್ಯಕ್ಕೆ ಮುಕ್ಕಾಲು ಗಂಟೆಯಷ್ಟು ಹೋದರೆ ಆ್ಯಮರಿ ವಾಯುನೆಲೆ. ಎಸ್ಟೋನಿಯಾದ ಬಳಿ ಯುದ್ಧವಿಮಾನ ಒಂದೂ ಇಲ್ಲ. ಬಾಲ್ಟಿಕ್‌ನ ಮೂರೂ ದೇಶಗಳ (ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ) ಆಕಾಶವನ್ನು 2004ರಿಂದ ನ್ಯಾಟೋ ದೇಶಗಳು ಸರದಿಯ ಮೇಲೆ ಕಾಯುತ್ತವೆ. ಮೊದಲು ಲಿಥುವೇನಿಯಾದಿಂದ ಮಾತ್ರ, 2014ರಿಂದ ಆ್ಯಮರಿಯಿಂದಲೂ. ನಾಲ್ಕೈದು ತಿಂಗಳಿಗೊಂದು ದೇಶ. ಎಚ್ಚರಿಕೆ ಬಂದು ಹದಿನೈದು ನಿಮಿಷದೊಳಗೆ ವಿಮಾನ ಮೇಲೇರಬೇಕು. ಸೇಂಟ್ ಪೀಟರ್ಸ್‌ಬರ್ಗಿನಿಂದ, ರಷ್ಯದ್ದೇ ಆದರೂ ಅದರಿಂದ ಬೇರ್ಪಟ್ಟಿರುವ ಕಲಿನಿನ್‌ಗ್ರಾದಿಗೆ ಹೋಗುವ ರಷ್ಯದ ಸೇನಾ ವಿಮಾನಗಳು ಗುರುತಿನ ಸಂಕೇತ ಆರಿಸಿ, ರೇಡಿಯೋದಲ್ಲಿ ಉತ್ತರ ಕೊಡದೆ ಹಾದು ಹೋಗುವುದೇ ಹೆಚ್ಚಿನ ಎಚ್ಚರಿಕೆಗಳ ಕಾರಣ. ಎದ್ದು ಹೋಗಿ ಪಕ್ಕದಲ್ಲಿ ಹಾರಿ, ಯಾರೆಂದು ಕಣ್ಣಾರೆ ನೋಡಿ ಬರುವುದು ಕೆಲಸ.

ಬೇಲಿಯಿಂದಾಚೆ ಕ್ಯಾಮೆರಾ ಎತ್ತಬೇಡಿ. ದೂರದಿಂದ ಎತ್ತಿದ್ದಕ್ಕೇ ಕಾವಲಿನವರು ನಡೆದು ಬಂದು ಚಿತ್ರ ಅಳಿಸಲು ಹೇಳಿದರು, ಸಿಟ್ಟಿಲ್ಲದೆ. ನೋಡಬೇಕಾದದ್ದು ಹತ್ತಿರದ ಕಾಡಿನಲ್ಲಿದೆ: ಸೋವಿಯತ್ ವಿಮಾನ ಚಾಲಕರ ಸ್ಮಶಾನ. ಗೋರಿಕಲ್ಲಿನ ಬದಲು ವಿಮಾನದ ಬಾಲದ ರೆಕ್ಕೆಗಳನ್ನು ನೆಟ್ಟಿದ್ದಾರೆ. ಪೈನ್ ಮರಗಳ ಸಾಲಿನಲ್ಲಿ ಅವು ಅರ್ಧ ನೆಲಕ್ಕಿಳಿದ ಬಾಣಗಳ ಹಾಗೆ ಕಾಣುತ್ತವೆ. ಎಸ್ಟೋನಿಯನ್ನರು ಅವನ್ನು ಕೆಡವಿಲ್ಲ.

ಅಲ್ಲಿಂದ ಮುಂದೆ ಅಡ್ಡದಾರಿ ಹಿಡಿದದ್ದು ತಪ್ಪಾಯಿತು. ಏಪ್ರಿಲ್‌ನ ಜಲ್ಲಿದಾರಿ ಮೇಲೆ ಗಟ್ಟಿ, ಅಡಿಯಲ್ಲಿ ಹಿಮ ಕರಗಿ ಗಂಜಿ. ಅಂಚಿಗೆ ಸರಿದ ಬಲಗಾಲಿ ಅಚ್ಚಿನವರೆಗೆ ಹೂತಿತು. ಟ್ರಾಕ್ಟರಿನಲ್ಲಿ ಬಂದ ರೈತರೊಬ್ಬರು ಮಾತಿಲ್ಲದೆ ಹಗ್ಗ ಕಟ್ಟಿ ಎಳೆದು, ದುಡ್ಡು ಬೇಡವೆಂದು ತಲೆಯಾಡಿಸಿ ಹೋದರು. ಎದುರು ವಾಹನ ಬಂದರೂ ದಾರಿಯ ನಡುಮಧ್ಯ ಬಿಡದೆ ನಿಲ್ಲಬೇಕು, ಅಂಚಿಗೆ ಸರಿಯಬಾರದು.

ಕಡಲದಂಡೆಯ ಪಾಲ್ದಿಸ್ಕಿಯಲ್ಲಿ ಗಾಳಿ ಎಷ್ಟಿತ್ತೆಂದರೆ ಕಾರಿನ ಬಾಗಿಲು ತೆರೆಯಲು ಎರಡು ಕೈ ಬೇಕಾಯಿತು. 52 ಮೀಟರ್ ಎತ್ತರದ ಪಕ್ರಿ ದೀಪಸ್ತಂಭದ ಮುಂದೆ ಸುಣ್ಣಕಲ್ಲಿನ ಕಡಿದಾದ ಬಂಡೆ, ಅಂಚು ಸವೆದು ಒಳಕ್ಕೆ ಟೊಳ್ಳು. ಬೇಲಿಯಿಲ್ಲದ ಕಡೆ ತುದಿಗೆ ಹೋಗಬೇಡಿ. ಸೋವಿಯತ್ ಕಾಲದಲ್ಲಿ ಇದು ಮುಚ್ಚಿದ ಊರು. ಅಣು ಜಲಾಂತರ್ಗಾಮಿ ನಾವಿಕರ ತರಬೇತಿಗೆ ನೆಲದ ಮೇಲೆಯೇ ಎರಡು ರಿಯಾಕ್ಟರ್ ಕಟ್ಟಿದ್ದರು. ರಷ್ಯದ ಪಡೆಗಳು ದೇಶ ಬಿಟ್ಟದ್ದು 1994ರ ಆಗಸ್ಟ್ 31ಕ್ಕೆ, ರಿಯಾಕ್ಟರ್ ಜಾಗ ಕೈಗೆ ಬಂದದ್ದು ಮರುವರ್ಷ. ಅವರು ಬಿಟ್ಟುಹೋದ ಇದೇ ಊರಿನಲ್ಲಿ ಹೊರದೇಶಕ್ಕೆ ಹೋಗುವ ಸೈನಿಕರ ತರಬೇತಿ ಕೇಂದ್ರ ಎದ್ದಿತು, 2001ರಲ್ಲಿ ಸ್ಕೌಟ್ಸ್ ಬೆಟಾಲಿಯನ್ ಇಲ್ಲೇ ಮರುಹುಟ್ಟಿತು.

ಅದಕ್ಕೂ ಮೊದಲು, ತೊಂಬತ್ತರ ದಶಕದಲ್ಲಿ, ಕಲಿಯಬೇಕಾದದ್ದು ಯುದ್ಧಕ್ಕಿಂತ ಹೆಚ್ಚಾಗಿ ಇಂಗ್ಲಿಷ್. 1994ರಲ್ಲಿ ಮೂರು ಬಾಲ್ಟಿಕ್ ದೇಶಗಳು ಕೂಡಿ ಒಂದು ಜಂಟಿ ಬೆಟಾಲಿಯನ್ ಕಟ್ಟಲು ಹೊರಟವು. ಡೆನ್ಮಾರ್ಕ್ ಮುಂದಾಳು, ಜೊತೆಗೆ ಇತರ ಉತ್ತರದ ದೇಶಗಳು, ಬ್ರಿಟನ್. ಮೂರು ದೇಶಕ್ಕೆ ಮೂರು ಭಾಷೆ, ಎಲ್ಲರಿಗೂ ಬರುತ್ತಿದ್ದ ರಷ್ಯನ್ ಬೇಡವಾಗಿತ್ತು. ರೇಡಿಯೋದಲ್ಲಿ ಹೇಗೆ ಮಾತಾಡಬೇಕು, ನಕಾಶೆಗೆ ಯಾವ ಗುರುತು, ಆದೇಶವನ್ನು ಯಾವ ಕ್ರಮದಲ್ಲಿ ಬರೆಯಬೇಕು ಎಲ್ಲ ಹೊಸತು. ನಾರ್ವೆಯವರ ಬೆಟಾಲಿಯನ್ನಿನ ಒಳಗೆ ಲೆಬನಾನಿಗೆ, ಡೇನರ ಒಳಗೆ ಬೋಸ್ನಿಯಾಕ್ಕೆ ಹೋಗಿ ಕಲಿತರು. ಜಂಟಿ ಬೆಟಾಲಿಯನ್ 2003ರಲ್ಲಿ ಮುಚ್ಚಿತು. ಅದು ಒಂದು ಯುದ್ಧವನ್ನೂ ಮಾಡಲಿಲ್ಲವೆಂದು ಹಳಿಯುವವರಿದ್ದಾರೆ. ಅಕ್ಷರ ತಿದ್ದಿಸಿದ ಸ್ಲೇಟಿನಲ್ಲಿ ಯಾರೂ ಕಾವ್ಯ ಬರೆಯುವುದಿಲ್ಲ.

ನಾಲ್ಕನೇ ದಿನ: ತಪಾ

ಟಾಲಿನ್‌ನಿಂದ ಪೂರ್ವಕ್ಕೆ ರೈಲಿನಲ್ಲಿ ಒಂದು ಗಂಟೆ. ಕಿತ್ತಳೆ ಬಣ್ಣದ ಈ ರೈಲುಗಳನ್ನು ಇಲ್ಲಿಯವರು 'ಗಜ್ಜರಿ' ಎಂದೇ ಕರೆಯುತ್ತಾರೆ. ತಪಾ ಎಂದರೆ ನಮಗೆ ತಪಸ್ಸು ನೆನಪಾಗುತ್ತದೆ. ಎಸ್ಟೋನಿಯನ್ ಭಾಷೆಯಲ್ಲಿ ಆ ಪದಕ್ಕೆ 'ಕೊಲ್ಲು' ಎಂಬ ಅರ್ಥವೂ ಬರುತ್ತದೆ. ಸೇನೆ ಬರುವ ಮೊದಲೇ ಇದ್ದ ಊರಿನ ಹೆಸರಿದು, ಆದರೂ ಬ್ರಿಟಿಷ್ ಸೈನಿಕರಿಗೆ ಮೊದಲ ವಾರ ಹೇಳುವ ನಗೆಮಾತು ಇದೇ ಇರಬೇಕು.

ರೈಲು ಕವಲೊಡೆಯುವ ಊರು: ಒಂದು ಹಳಿ ನರ್ವಾ ಗಡಿಗೆ, ಇನ್ನೊಂದು ತಾರ್ತುವಿಗೆ. ಸೋವಿಯತ್ ವಾಯುನೆಲೆಯ ಇಂಧನ ಸೋರಿ ನೆಲದ ನೀರಿಗೆ ಸೇರಿ, ಬಾವಿನೀರಿಗೆ ಬೆಂಕಿ ಹತ್ತುತ್ತಿತ್ತು ಎಂಬುದು ಇಲ್ಲಿ ಕಟ್ಟುಕತೆಯಲ್ಲ, ನಡೆದ ಸಂಗತಿ. ಈಗ ಇಲ್ಲಿ ದೇಶದ ಮೊದಲ ಬ್ರಿಗೇಡಿನ ನೆಲೆಯಿದೆ. ಸ್ಕೌಟ್ಸ್ ಬೆಟಾಲಿಯನ್ನೂ ಈಗ ಇಲ್ಲಿಯೇ. ಪಸಿ ಬಿಟ್ಟು, ನೆದರ್‌ಲೆಂಡ್ಸ್‌ನಿಂದ ಕೊಂಡ 44 ಸಿವಿ90 ಪಟ್ಟಾಗಾಲಿ ವಾಹನಗಳಿಗೆ ಏರಿದೆ. ಕೊರಿಯಾದಿಂದ ಬಂದ ಕೆ9 ಫಿರಂಗಿಗೆ ಇವರಿಟ್ಟ ಹೆಸರಿನ ಅರ್ಥ ಗುಡುಗು. ಅದೇ ಫಿರಂಗಿ ನಮ್ಮ ಸೇನೆಯಲ್ಲಿ ವಜ್ರ. ಇಂದ್ರನ ಆಯುಧವನ್ನು ಎರಡೂ ಕಡೆಯವರು ಸರಿಯಾಗಿಯೇ ಗುರುತಿಸಿದ್ದಾರೆ.

2017ರಿಂದ ತಪಾದಲ್ಲಿ ನ್ಯಾಟೋದ ಬಹುರಾಷ್ಟ್ರೀಯ ಪಡೆ ನಿಂತಿದೆ. ಮುಂದಾಳು ಬ್ರಿಟನ್, ಜೊತೆಗೆ ಸರದಿಯಲ್ಲಿ ಡೇನರು, ಫ್ರೆಂಚರು. ಹೆಲ್ಮಂದಿನಲ್ಲಿ ಬ್ರಿಟಿಷರ ಕೈಕೆಳಗೆ ಅಕ್ಕಪಕ್ಕ ಇದ್ದವರು ಡೇನರು ಮತ್ತು ಎಸ್ಟೋನಿಯನ್ನರು. ಫ್ರೆಂಚರ ಮುಯ್ಯಿ ಬೇರೆ ಕಡೆಯದು. 2018ರಲ್ಲಿ ಸುಮಾರು 50 ಜನರನ್ನು ಎಸ್ಟೋನಿಯಾ ಮಾಲಿಯ ಗಾವೋಗೆ ಕಳಿಸಿತು, ಫ್ರೆಂಚರ ಶಿಬಿರದ ಕಾವಲಿಗೆ. 2019ರ ಜುಲೈನಲ್ಲಿ ಬಾಂಬು ತುಂಬಿದ ವಾಹನ ಆ ಶಿಬಿರದ ಬಾಗಿಲಿಗೆ ನುಗ್ಗಿದಾಗ ಗಾಯಗೊಂಡವರಲ್ಲಿ ಎಸ್ಟೋನಿಯನ್ನರಿದ್ದರು. ಒಪ್ಪಂದದ ಕಾಗದದಲ್ಲಿ ಇದಕ್ಕೆ ಅದು ಎಂದು ಎಲ್ಲೂ ಬರೆದಿಲ್ಲ. ಮದುವೆಮನೆಯ ಮುಯ್ಯಿ ಪುಸ್ತಕದಲ್ಲೂ ತಿರುಗಿ ಕೊಡಬೇಕೆಂದು ಬರೆದಿರುವುದಿಲ್ಲ.

ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ಬಟಾಣಿ ಸಾರು, ಕಪ್ಪು ಬ್ರೆಡ್ಡು ಕೊಟ್ಟ ಹೆಂಗಸಿಗೆ ಈ ದೊಡ್ಡ ಲೆಕ್ಕದ ಗೊಡವೆಯಿರಲಿಲ್ಲ. "ರಷ್ಯನ್ನರಿದ್ದಾಗ ಬೇಲಿಯ ಆಚೆ ಏನಿದೆ ಎಂದು ಕೇಳುವಂತಿರಲಿಲ್ಲ. ಇವರು ಶುಕ್ರವಾರ ಸಂಜೆ ಬಂದು ಕೋಹುಕೆ ಎಲ್ಲಿದೆ ಎಂದು ಕೇಳುತ್ತಾರೆ" ಎಂದರು. ಕೋಹುಕೆ ಚಾಕೊಲೇಟು ಸವರಿದ, ಪನೀರಿನಂಥ ಸಿಹಿ ತುಂಡು, ತಣ್ಣಗಿನ ಕಪಾಟಿನಲ್ಲಿರುತ್ತದೆ. ಟ್ಯಾಂಕಿನ ಸದ್ದು ತೊಂದರೆಯೇ ಎಂದು ಕೇಳಿದ್ದಕ್ಕೆ, "ತೊಂದರೆಯೇ. ಆದರೆ ಸದ್ದು ನಿಂತ ದಿನ ನನಗೆ ನಿದ್ದೆ ಬರುವುದಿಲ್ಲ."

ಐದನೇ ದಿನ: ತಾರ್ತು

ತಾರ್ತು 1632ರ ವಿಶ್ವವಿದ್ಯಾಲಯದ ಊರು, ನದಿದಂಡೆಯಲ್ಲಿ ವಿದ್ಯಾರ್ಥಿಗಳು ಏಪ್ರಿಲ್ ಬಿಸಿಲಿಗೆ ಕೋಟು ಬಿಚ್ಚಿ ಕೂತಿದ್ದರು. 1999ರಲ್ಲಿ ಮೂರು ಬಾಲ್ಟಿಕ್ ದೇಶಗಳು ಸೇರಿ ಇಲ್ಲಿ ಸೇನಾಧಿಕಾರಿಗಳ ಕಾಲೇಜು ತೆರೆದವು. ಮೊದಲ ಮುಖ್ಯಸ್ಥರು ಡೆನ್ಮಾರ್ಕಿನವರು, ಪಾಠವೆಲ್ಲ ಇಂಗ್ಲಿಷಿನಲ್ಲಿ. ಕಟ್ಟಡದ ಹೊರಗಿಂದ ನೋಡುವಂಥದ್ದು ಏನೂ ಇಲ್ಲ.

ಬದಲಿಗೆ ಮಾರುಕಟ್ಟೆಗೆ ಹೋಗಿ. ಕಮಾ ಎಂಬ ಹಿಟ್ಟು ಕೇಳಿ. ಬಾರ್ಲಿ, ರೈ, ಓಟ್ಸ್, ಬಟಾಣಿ ಹುರಿದು ಬೀಸಿದ್ದು, ಹುಳಿಹಾಲಿಗೆ ಕಲಸಿ ಕುಡಿಯುತ್ತಾರೆ. ನಮ್ಮ ಹುರಿಹಿಟ್ಟಿನ ಖಾಸಾ ದಾಯಾದಿ. ಒಂದು ಲೋಟಕ್ಕೆ ಎರಡು ದೊಡ್ಡ ಚಮಚ ಸಾಕು. ಮೊದಲು ಸ್ವಲ್ಪ ಹಾಲಿನಲ್ಲಿ ಗಂಟಿಲ್ಲದೆ ಕಲಸಿ ಆಮೇಲೆ ಉಳಿದದ್ದು ಸುರಿಯಬೇಕು. ಮಾರುವಾಕೆ, ಮಗ ಕೊಸೊವೊಕ್ಕೆ ಹೋದಾಗ ಎರಡು ಕಿಲೋ ಕಳಿಸಿದ್ದನ್ನೂ, ಅದನ್ನು ಇಟಲಿಯವನೊಬ್ಬ ಸಿಮೆಂಟೆಂದು ತಿಳಿದದ್ದನ್ನೂ ಹೇಳಿ ನಕ್ಕರು.

ಸಂಜೆಯ ಗಜ್ಜರಿ ತಾರ್ತುವಿನಿಂದ ಹೊರಟಾಗ ಹಳಿಯ ಪಕ್ಕದ ಕಾಡಿನಲ್ಲಿ, ಹೋದ ವರ್ಷದ ಕಂದು ಎಲೆಗಳ ನಡುವೆ, ಸಿನಿಲಿಲ್ ಅಲ್ಲಲ್ಲಿ ನೀಲಿ ಚಿಮುಕಿಸಿದ ಹಾಗೆ ಅರಳಿತ್ತು. ತಪಾದಲ್ಲಿ ರೈಲು ನಿಂತಿತು. ಪ್ಲಾಟ್‌ಫಾರ್ಮಿನಲ್ಲಿ ಹಸಿರು ಚೀಲ ಬೆನ್ನಿಗಿಟ್ಟ ನಾಲ್ವರು ಹುಡುಗರು ಇಂಗ್ಲಿಷಿನಲ್ಲಿ ಟಿಕೆಟಿನ ತಗಾದೆ ಮಾಡಿಕೊಳ್ಳುತ್ತ ಹತ್ತಿದರು. ಕೋಹುಕೆಯ ಪೊಟ್ಟಣ ಒಬ್ಬನ ಜೇಬಿನಿಂದ ಇಣುಕುತ್ತಿತ್ತು. ಬಾಗಿಲು ಮುಚ್ಚಿತು, ಮತ್ತೆ ಹಿಮ ಶುರುವಾಯಿತು.